ಭಜನೆಯ ಹಾಡುಗಳನ್ನು ಬೇರೆ ಚಾನೆಲ್‌ನವರು ಎತ್ತಿಕೊಳ್ಳುತ್ತಿದ್ದಾರೆ, ಕಂಟೆಂಟ್ ಐಡಿ ಹಾಕಿಸಬೇಕೆ?

ಮುಳಬಾಗಿಲಿನ ಕಡೆಯ ನಿಮ್ಮ ತಂದೆಯವರ ಭಜನಾ ತಂಡದ ಹಾಡುಗಳನ್ನು ಯಾರು ಯಾರೋ ತಮ್ಮ ಯೂಟ್ಯೂಬ್ ಚಾನೆಲ್‌ಗಳಲ್ಲಿ ಹಾಕಿಕೊಳ್ಳುತ್ತಿದ್ದಾರೆ, ಹಾಗಾಗಿ ಕಂಟೆಂಟ್ ಐಡಿ, ಅಂದರೆ ನಮ್ಮ ಧ್ವನಿ ಬೇರೆಯವರ ವಿಡಿಯೋದಲ್ಲಿದ್ದರೆ ಯೂಟ್ಯೂಬೇ ಗುರುತಿಸುವ ವ್ಯವಸ್ಥೆ, ಕೊಡಿಸುವ ವಿತರಕರಲ್ಲಿ ಯಾರು ಉತ್ತಮ ಎಂದು ಕೇಳಿದ್ದೀರಿ. ಯಾರೂ ಬೇಡ ಎಂಬುದು ನನ್ನ ಉತ್ತರ. ಇದೇ ಪ್ರಶ್ನೆಯನ್ನು ಇಟ್ಟುಕೊಂಡು ನಾನೂ ಓಡಾಡಿದ್ದೆ. ಆದರೆ ಯಾರನ್ನೂ ಕೇಳಲಿಲ್ಲ.

ನಾನು ಚಿಂತಾಮಣಿಯಲ್ಲಿ ಮದುವೆಯ ಫೋಟೊ ಮತ್ತು ವಿಡಿಯೋ ತೆಗೆಯುವ ಸ್ಟುಡಿಯೋ ನಡೆಸುತ್ತೇನೆ. ನನ್ನ ತಾಯಿಯ ಊರು ಕೈವಾರಕ್ಕೆ ಹೋಗುವ ದಾರಿಯಲ್ಲಿದೆ. ಅಲ್ಲಿನ ಭಜನೆ ಮನೆಯಲ್ಲಿ ಯೋಗಿ ನಾರೇಯಣ ಯತೀಂದ್ರರ, ಅಂದರೆ ನಮ್ಮ ಬಾಯಲ್ಲಿ ತಾತಯ್ಯನವರ, ಕನ್ನಡ ಮತ್ತು ತೆಲುಗು ಪದಗಳನ್ನು ಹಾಡುವ ಒಂದು ತಂಡವಿತ್ತು. ಮುಂದಾಳು ಎಪ್ಪತ್ತಾರು ವರ್ಷದ ಹಿರಿಯರು, ಊರಿಗೆಲ್ಲ ತಾತ. 2021ರ ಧನುರ್ಮಾಸದಲ್ಲಿ ಎರಡು ರಾತ್ರಿ ಕುಳಿತು ಅವರಿಂದ ಹನ್ನೊಂದು ಪದಗಳನ್ನು ರೆಕಾರ್ಡ್ ಮಾಡಿಕೊಂಡೆ. ಟ್ಯೂಬ್‌ಲೈಟಿನ ಚೋಕು ಗುಂಯ್ ಎನ್ನುತ್ತಿತ್ತೆಂದು ದೀಪ ಆರಿಸಿ, ದೇವರ ಮುಂದಿನ ಎಣ್ಣೆ ದೀಪವೊಂದರ ಬೆಳಕಿನಲ್ಲೇ ಹಾಡಿಸಿದೆ. ಆ ಕತ್ತಲಲ್ಲಿ ಅವರು ಏಕತಾರಿಯ ಬಿರಡೆ ತಿರುವಿ, ತಂತಿ ಮೀಟಿ, ಬುರುಡೆಗೆ ಕಿವಿಯಿಟ್ಟು ಕೇಳಿ ಮತ್ತೆ ತಿರುವುತ್ತಿದ್ದ ಸದ್ದೆಲ್ಲ ಮೂಲ ಫೈಲಿನಲ್ಲಿ ಹಾಗೆಯೇ ಉಳಿದಿದೆ.

ಸ್ಟುಡಿಯೋಗೆ ತಂದು ಕೇಳಿದಾಗ ಏಕತಾರಿಯ ಶ್ರುತಿ ಅಲ್ಲಲ್ಲಿ ಇಳಿದಂತೆ ಅನ್ನಿಸಿತು. ಹಾಡುವವರ ಕಂಠವೂ ಅದರ ಜೊತೆಗೇ ಇಳಿದಿತ್ತಾದ್ದರಿಂದ ಕೇಳುವವರಿಗೆ ಯಾವ ತೊಂದರೆಯೂ ಇರಲಿಲ್ಲ ಎಂಬುದು ಈಗ ತಿಳಿಯುತ್ತದೆ. ಮದುವೆಯ ವಿಡಿಯೋಗಳಿಗೆ ಹಿನ್ನೆಲೆ ಸಂಗೀತ ಕೂಡಿಸಿ ಕೂಡಿಸಿ ಕೈ ಪಳಗಿದ್ದ ನಾನು, ಅದೇ ಕೆಲಸಕ್ಕೆಂದು ಖರೀದಿಸಿದ್ದ ಧ್ವನಿ ಸಂಗ್ರಹವೊಂದರಿಂದ ತಂಬೂರಿಯ ಒಂದು ಲೂಪ್, ಅಂದರೆ ಮತ್ತೆ ಮತ್ತೆ ಮರುಕಳಿಸುವ ಧ್ವನಿಯ ತುಣುಕು, ತೆಗೆದು ಎಲ್ಲ ಹಾಡುಗಳ ಅಡಿಗೂ ಹಾಸಿದೆ. ಹಾಡಿನ ಶ್ರುತಿ ಇಳಿದ ಕಡೆಯಲ್ಲೆಲ್ಲ ಅದನ್ನು ಸಾಫ್ಟ್‌ವೇರಿನಲ್ಲಿ ಎತ್ತಿ ಲೂಪಿಗೆ ಹೊಂದಿಸಿದೆ. ಮೊದಲ ಹಾಡಿನಲ್ಲಂತೂ ಪದ ಶುರುವಾಗುವ ಮುನ್ನ ಸುಮಾರು ನಲವತ್ತು ಸೆಕೆಂಡು ಬರೀ ಆ ಲೂಪೇ ಕೇಳಿಸುತ್ತಿತ್ತು. ತಾತನಿಗೆ ಕೇಳಿಸಿದಾಗ, “ಏಕತಾರಿ ಇದ್ದಮೇಲೆ ಇದ್ಯಾಕಪ್ಪಾ?” ಎಂದು ಒಮ್ಮೆ ಕೇಳಿ ಸುಮ್ಮನಾದರು.

ಆಮೇಲೆ ಒಂದು ದೊಡ್ಡ ತಪ್ಪು ಮಾಡಿದೆ. ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ನೀವೂ ಅದೇ ಪುಟದ ಮುಂದೆ ಕುಳಿತಿದ್ದೀರಿ. 2022ರ ಜನವರಿಯಲ್ಲಿ ಹಾಡುಗಳನ್ನು ಎಲ್ಲ ಆ್ಯಪ್‌ಗಳಿಗೂ ತಲುಪಿಸುವ ಒಬ್ಬ ವಿತರಕರ ತಾಣದಲ್ಲಿ ಖಾತೆ ತೆರೆದೆ. ಹಾಡಿನ ಹೆಸರು, ಹಾಡಿದವರ ಹೆಸರು, ಮುಖಪುಟದ ಚಿತ್ರ ಎಲ್ಲ ತುಂಬಿಸಿದ ಮೇಲೆ ಕೊನೆಯಲ್ಲಿ ಒಂದು ಸಣ್ಣ ಚೌಕವಿತ್ತು: ಯೂಟ್ಯೂಬ್ ಕಂಟೆಂಟ್ ಐಡಿ ಬೇಕೆ ಎಂದು. ಅದರ ಕೆಳಗೆ, ಈ ರೆಕಾರ್ಡಿಂಗ್‌ನಲ್ಲಿರುವ ಪ್ರತಿಯೊಂದು ಧ್ವನಿಯ ಮೇಲೂ ಹಕ್ಕು ನಿಮಗೊಬ್ಬರಿಗೇ ಇದೆಯೆಂದು ನೀವು ಘೋಷಿಸುತ್ತಿದ್ದೀರಿ ಎಂಬ ಅರ್ಥದ ಒಕ್ಕಣೆ ಇತ್ತು. ನಾನು ಅದನ್ನು ಓದಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಓದಿದೆ. ಹಾಡಿಸಿದವನು ನಾನು, ಮೈಕು ನನ್ನದು, ಲೂಪನ್ನು ದುಡ್ಡು ಕೊಟ್ಟು ಕೊಂಡವನೂ ನಾನು, ಇನ್ನು ಬೇರೆಯವರ ಹಕ್ಕು ಎಲ್ಲಿಂದ ಬರಬೇಕು ಎಂದುಕೊಂಡೆ. ಫೋಟೊದ ಮೂಲೆಯಲ್ಲಿ ಸ್ಟುಡಿಯೋದ ಹೆಸರು ಹಾಕುವಂತೆ ಇದೂ ಒಂದು ಗುರುತು ಎಂದು ಭಾವಿಸಿ ಟಿಕ್ ಮಾಡಿದೆ.

ಅದು ಗುರುತಲ್ಲ. 2007ರಿಂದ ಯೂಟ್ಯೂಬ್ ನಡೆಸುತ್ತಿರುವ ಈ ವ್ಯವಸ್ಥೆ, ನೀವು ಕೊಟ್ಟ ಧ್ವನಿಯನ್ನು ಬೆರಳಚ್ಚಿನಂತೆ ಇಟ್ಟುಕೊಂಡು, ಹೊಸದಾಗಿ ಬರುವ ವಿಡಿಯೋಗಳಲ್ಲೂ ಹಿಂದೆಯೇ ಬಂದಿರುವ ವಿಡಿಯೋಗಳಲ್ಲೂ ಅದನ್ನು ಹುಡುಕುತ್ತದೆ. ಹೋಲಿಕೆ ಸಿಕ್ಕಿದರೆ ಆ ವಿಡಿಯೋದ ಮೇಲೆ ನಿಮ್ಮ ಪರವಾಗಿ ಹಕ್ಕು ಮಂಡಿಸುತ್ತದೆ (ಇದನ್ನೇ ಕ್ಲೇಮ್ ಎನ್ನುತ್ತಾರೆ), ಮತ್ತು ಅದರ ಜಾಹೀರಾತಿನ ಹಣ ನಿಮ್ಮ ಕಡೆ ತಿರುಗಬಹುದು. ಯಾರು ಯಾರಿಂದ ಕದ್ದರೆಂಬುದು ಅದಕ್ಕೆ ಗೊತ್ತಾಗುವುದಿಲ್ಲ. ನಾನು ಕೊಂಡಿದ್ದು ಲೂಪನ್ನು ಬಳಸುವ ಪರವಾನಗಿಯನ್ನು ಮಾತ್ರ, ಅದೇ ಪರವಾನಗಿಯನ್ನು ದುಡ್ಡು ಕೊಟ್ಟ ಯಾರು ಬೇಕಾದರೂ ಕೊಳ್ಳಬಹುದಿತ್ತು. ಹಾಗೆ ಕೊಂಡವರು ನಮ್ಮ ಜಿಲ್ಲೆಯಲ್ಲೇ ಇದ್ದರು, ಅವರೂ ಭಜನೆಯ ಹಾಡುಗಳ ಅಡಿಗೇ ಅದನ್ನು ಹಾಸಿದ್ದರು. ನನ್ನ ಮೊದಲ ಹಾಡಿನ ನಲವತ್ತು ಸೆಕೆಂಡು ಅವರ ವಿಡಿಯೋಗಳಲ್ಲಿ ‘ಸಿಕ್ಕಿತು’.

ಏಪ್ರಿಲ್ ಕೊನೆಯಲ್ಲಿ, ಮದುವೆಯ ಮುಹೂರ್ತಗಳ ನಡುವೆ ಊಟಕ್ಕೂ ಬಿಡುವಿಲ್ಲದಿದ್ದಾಗ, ಶಿಡ್ಲಘಟ್ಟದ ಕಡೆಯ ಒಂದು ತಂಡದವರು ಫೋನ್ ಮಾಡಿದರು. ನಮಸ್ಕಾರವೂ ಇಲ್ಲ. “ಏನಪ್ಪಾ ಸ್ಟುಡಿಯೋದವ್ನೆ, ತಾತಯ್ಯನ ಪದ ಏನು ನಿಮ್ಮಪ್ಪನ ಆಸ್ತಿಯಾ?” ಎಂದರು. ಅವರ ಚಾನೆಲ್‌ನ ಆರು ವಿಡಿಯೋಗಳ ಮೇಲೆ ನನ್ನ ಹಾಡಿನ ಹೆಸರಿನಲ್ಲಿ ಕ್ಲೇಮ್ ಬಿದ್ದಿತ್ತು. ಕ್ಲೇಮ್ ಬೇರೆ, ಹಕ್ಕುದಾರರ ದೂರಿನ ಮೇಲೆ ವಿಡಿಯೋ ತೆಗೆದಾಗ ಚಾನೆಲ್ ಮೇಲೆ ಬೀಳುವ ಸ್ಟ್ರೈಕ್ ಬೇರೆ. 90 ದಿನಗಳಲ್ಲಿ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ ಹೋಗಬಹುದು, ಕ್ಲೇಮ್‌ನಿಂದ ಹಾಗಾಗುವುದಿಲ್ಲ. ಆದರೆ ಇದನ್ನು ಆ ಹೊತ್ತಿನಲ್ಲಿ ಅವರಿಗೆ ತಿಳಿಸಿ ಹೇಳುವಷ್ಟು ನನಗೇ ತಿಳಿದಿರಲಿಲ್ಲ. ಅವರು ಆಕ್ಷೇಪಣೆ ಸಲ್ಲಿಸಿದರು. ಅಂಥ ಆಕ್ಷೇಪಣೆಗೆ ಉತ್ತರಿಸಲು 30 ದಿನ ಕಾಲಾವಕಾಶವಿರುತ್ತದೆ, ಆದರೆ ಅದು ಬರುವುದು ವಿತರಕರಿಗೆ, ನನಗಲ್ಲ. ವಿತರಕರು ಹಕ್ಕಿನ ದಾಖಲೆ ಕೇಳಿ ನನಗೆ ಮೂರು ಮೇಲ್ ಕಳುಹಿಸಿದ್ದರು. ಮೂರೂ ಗಿರಾಕಿಗಳು ಆಲ್ಬಮ್‌ನ ಫೋಟೊ ಕಳುಹಿಸುವ ಸ್ಟುಡಿಯೋದ ಮೇಲ್‌ಗೆ ಬಂದು, ನೂರಾರು ಫೋಟೊಗಳ ಅಡಿ ಮುಚ್ಚಿಹೋಗಿದ್ದವು. ಮೇ ಮಧ್ಯದ ಹೊತ್ತಿಗೆ ಅವರು ಕ್ಲೇಮ್‌ಗಳನ್ನು ಹಿಂದಕ್ಕೆ ಪಡೆದು, ಹನ್ನೊಂದು ಹಾಡುಗಳನ್ನೂ ಎಲ್ಲ ಆ್ಯಪ್‌ಗಳಿಂದ ತೆಗೆದು, ನನ್ನ ಖಾತೆಯನ್ನು ಮುಚ್ಚಿದರು. ಅದರಲ್ಲಿದ್ದ ₹ 412 ಸಹ ಅಲ್ಲೇ ಉಳಿಯಿತು.

ಮೇಲ್ ನೋಡಬೇಕಿತ್ತು ಎಂದು ಗೆಳೆಯರು ಈಗಲೂ ಹೇಳುತ್ತಾರೆ. ನೋಡಿದ್ದರೆ ಏನೆಂದು ಉತ್ತರ ಬರೆಯುತ್ತಿದ್ದೆ? ದಾಖಲೆಯೇ ಇರಲಿಲ್ಲ. ಟಿಕ್ ಹಾಕಿದ ಕ್ಷಣವೇ ಕೆಲಸ ಕೆಟ್ಟಿತ್ತು, ತಿಳಿಯಲು ನಾಲ್ಕು ತಿಂಗಳು ಹಿಡಿಯಿತು, ಅಷ್ಟೇ. ಲೂಪ್ ಹಾಕದೆ ಟಿಕ್ ಮಾಡಿದ್ದರೆ ಈ ಗೋಳು ಇರುತ್ತಿರಲಿಲ್ಲ, ಲೂಪ್ ಹಾಕಿ ಟಿಕ್ ಮಾಡದಿದ್ದರೂ ಇರುತ್ತಿರಲಿಲ್ಲ. ಎರಡನ್ನೂ ಮಾಡಿದವನು ನಾನೇ.

ಹಣದ ವಿಷಯ ಬಿಡಿ. ಶಿಡ್ಲಘಟ್ಟದವರು ನನ್ನ ತಾಯಿಯ ಊರಿಗೇ ಹೋಗಿ ತಾತನ ಜಗಲಿಯ ಮೇಲೆ ಕುಳಿತು ಕೇಳಿದರು. ಜೀವಮಾನವೆಲ್ಲ ಕೈವಾರದ ಗುರುಪೂರ್ಣಿಮೆಗೆ ತಪ್ಪದೆ ಹೋಗಿ, ಇವರ ಜೊತೆಗೇ ಪಂಕ್ತಿಯಲ್ಲಿ ಕುಳಿತು ಹಾಡಿದ್ದ ಮನುಷ್ಯ ತಲೆ ತಗ್ಗಿಸಿದರಂತೆ. ನಾನು ಹೋದಾಗ ಬೈಯಲಿಲ್ಲ, ಮಜ್ಜಿಗೆ ಕೊಡಿಸಿದರು. ಇನ್ನೂ ಮೂವತ್ತಕ್ಕಿಂತ ಹೆಚ್ಚು ಪದಗಳು ಅವರಿಗೆ ಬರುತ್ತಿದ್ದವು. ಅವನ್ನೂ ಹಾಡಿಕೊಡುತ್ತೀರಾ ಎಂದಾಗ, “ಮೈಕು ಬೇಡ ಮಗಾ, ಬಂದು ಕೂತ್ಕೊಂಡು ಕೇಳು” ಎಂದರು. ಮರುವರ್ಷ ಅವರು ತೀರಿಕೊಂಡರು.

ಆದ್ದರಿಂದ ಯಾವ ವಿತರಕ ಎಂದು ಹೋಲಿಸಿ ಪಟ್ಟಿ ಕೊಡುವ ಆಸಕ್ತಿ ನನಗಿಲ್ಲ. ನಿಮ್ಮ ಪ್ರಶ್ನೆಯ ಮೂಲದಲ್ಲೇ ನನಗೆ ತಕರಾರಿದೆ. ಕದಿಯುತ್ತಿದ್ದಾರೆ ಎನ್ನುತ್ತೀರಿ, ಏನನ್ನು? ತಾತಯ್ಯನವರು ಬ್ರಹ್ಮೈಕ್ಯರಾದದ್ದು 1836ರಲ್ಲಿ, ಅವರ ಸಾಹಿತ್ಯದ ಮೇಲೆ ಯಾರಿಗೂ ಕೃತಿಸ್ವಾಮ್ಯವಿಲ್ಲ. ನಿಮ್ಮ ತಂದೆಯವರು ಹಾಡುವ ಪದಗಳು ಯಾರವೆಂದು ನೀವು ಬರೆದಿಲ್ಲ, ಬಹುತೇಕ ಅವೂ ಹಾಗೆಯೇ ಇರುತ್ತವೆ. ನಿಮ್ಮದೆನ್ನಬಹುದಾದದ್ದು ಆ ರೆಕಾರ್ಡಿಂಗ್, ಅದಕ್ಕೆ ನಮ್ಮ ಕಾನೂನಿನಲ್ಲಿ 60 ವರ್ಷ ರಕ್ಷಣೆಯಿದೆ, ಹಾಡಿದವರಿಗೆ ಪ್ರದರ್ಶಕರ ಹಕ್ಕು 50 ವರ್ಷ. ಇಡೀ ವಿಡಿಯೋವನ್ನೇ ಎತ್ತಿ ಹಾಕಿಕೊಂಡವರಿದ್ದರೆ, ತೆಗೆಸಲು ಯೂಟ್ಯೂಬ್‌ನ ಅರ್ಜಿಯನ್ನು ನೀವೇ ತುಂಬಬಹುದು, ಅದಕ್ಕೆ ಕಂಟೆಂಟ್ ಐಡಿ ಬೇಕಿಲ್ಲ. ಅದಕ್ಕೂ ಮುಂಚೆ ಫೋನ್ ಮಾಡಿ. ಭಜನೆಯವರೆಲ್ಲ ಎಲ್ಲೋ ಒಂದು ಕಡೆ ನೆಂಟರೇ ಆಗಿರುತ್ತಾರೆ.

ಇನ್ನು ಸಂಪಾದನೆಯ ಲೆಕ್ಕ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಬರಬೇಕಾದರೆ 1,000 ಚಂದಾದಾರರು, ಜೊತೆಗೆ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಅಥವಾ 90 ದಿನಗಳಲ್ಲಿ ಒಂದು ಕೋಟಿ ಶಾರ್ಟ್ಸ್ ವೀಕ್ಷಣೆ ಆಗಬೇಕು. ಸ್ಪಾಟಿಫೈ 2024ರಿಂದ, ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಕಾಸು ಕೊಡುವುದಿಲ್ಲ. ಭಜನೆಯ ಹಾಡಿನಿಂದ ನಮ್ಮಂಥವರಿಗೆ ಬರುವುದು ಮದುವೆಯ ಆಲ್ಬಮ್‌ನ ರಟ್ಟಿಗೂ ಸಾಲದು. ಆ ಮೊತ್ತವನ್ನು ಕಾಯಲು ಬೇಲಿ ಹಾಕಿ ಊರೂರಿನವರ ಕಾಲಿಗೆ ಮುಳ್ಳು ಚುಚ್ಚಿಸುವುದು ನನಗೆ ಸರಿಕಾಣುವುದಿಲ್ಲ.

ಒಂದು ಕಾಗದ ಮಾತ್ರ ಮಾಡಿಸಿಕೊಳ್ಳಿ. ತಂಡದ ಪ್ರತಿಯೊಬ್ಬರ ಹೆಸರು, ಯಾವ ಹಾಡು, ಎಷ್ಟು ವರ್ಷಕ್ಕೆ, ಎಲ್ಲೆಲ್ಲಿ ಹಾಕಬಹುದು ಎಂದು ಬರೆದು ಎಲ್ಲರ ಸಹಿ ಹಾಕಿಸಿ. ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಕಾನೂನು ಅದನ್ನು ಐದು ವರ್ಷ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎಂದೂ ಪರಿಗಣಿಸುತ್ತದೆ. ವಿಡಿಯೋದ ಕೆಳಗೆ ಹಾಡಿದವರ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರಗಳಲ್ಲೂ ಬರೆಯಿರಿ, ನಮ್ಮ ಕಡೆಯವರು ಎರಡರಲ್ಲೂ ಹುಡುಕುತ್ತಾರೆ.

ಹೋದ ವರ್ಷ ಹಳೆಯ ಹಾರ್ಡ್ ಡಿಸ್ಕಿನಿಂದ ಮೂಲ ಫೈಲುಗಳನ್ನು ತೆಗೆದು, ತಾತನ ಮಗನ ಒಪ್ಪಿಗೆ ಕೇಳಿ, ಲೂಪ್ ಇಲ್ಲದೆ ನನ್ನ ಚಾನೆಲ್‌ನಲ್ಲೇ ಹಾಕಿದೆ. ಬಿರಡೆ ತಿರುವುವ ಸದ್ದನ್ನೂ ತೆಗೆಯಲಿಲ್ಲ. ಎರಡು ತಿಂಗಳಲ್ಲಿ ಶಿಡ್ಲಘಟ್ಟದ ಆ ತಂಡದವರೇ ಮೂರನೆಯ ಪದವನ್ನು ಎತ್ತಿ ತಮ್ಮ ಚಾನೆಲ್‌ನಲ್ಲಿ ಹಾಕಿಕೊಂಡಿದ್ದರು, ಹೆಸರಿಲ್ಲದೆ. ಕೆಳಗೆ ಕಾಮೆಂಟಿನಲ್ಲಿ ತಾತನ ಹೆಸರನ್ನೂ ಊರನ್ನೂ ಬರೆದೆ. ಮರುದಿನ ಬೆಳಗ್ಗೆ ಅವರು ಅದನ್ನು ಶೀರ್ಷಿಕೆಯಲ್ಲೇ ಸೇರಿಸಿದ್ದರು.