ಗ್ರೀನ್ ಕಾರ್ಡ್ ತಗೊಳ್ಳಲಾ ಅಂತ ಕೇಳಿದ ಕ್ಲಾಸ್‌ಮೇಟ್‌ಗೆ

ಅರಸೀಕೆರೆಯಲ್ಲಿ ನಮ್ಮ 1975ರ ಎಸ್ಸೆಸ್ಸೆಲ್ಸಿ ಬ್ಯಾಚಿನವರು ಸೇರಿದ ಮೇಲೆ ಗ್ರೂಪಿನಲ್ಲಿ ಎಲ್ಲರ ಸುದ್ದಿಯೂ ಬರುತ್ತಿದೆ. ಯಾರಿಗೆ ಮೊಮ್ಮಗು ಆಯಿತು, ಯಾರ ಮಂಡಿ ಆಪರೇಷನ್ ಮುಗಿಯಿತು, ಯಾರು ರಿಟೈರ್ ಆಗಿ ತೆಂಗಿನ ತೋಟಕ್ಕೆ ವಾಪಸ್ ಹೋದರು, ಎಲ್ಲಾ ಗೊತ್ತಾಯಿತು. ನೀನು ಸುದ್ದಿಯ ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿದ್ದೀಯ. "ಮಗಳಿಗೆ ಸಿಟಿಜನ್‌ಶಿಪ್ ಬಂತು. ನಮ್ಮಿಬ್ಬರಿಗೂ ಗ್ರೀನ್ ಕಾರ್ಡ್ ಮಾಡಿಸ್ತೀನಿ, ಬಂದು ಇಲ್ಲೇ ಇದ್ದುಬಿಡಿ ಅಂತಿದ್ದಾಳೆ. ನೀನು 1984ರಿಂದ ನ್ಯೂಜೆರ್ಸಿಯಲ್ಲಿ ಇದ್ದೀಯ. ನಮ್ಮ ವಯಸ್ಸಿನವರಿಗೆ ಅಲ್ಲಿ ಹೇಗಾಗುತ್ತೆ, ಇದ್ದದ್ದು ಇದ್ದ ಹಾಗೆ ಹೇಳು."

ಅದಕ್ಕೆ ಒಂದಷ್ಟು ಜನ "ಪುಣ್ಯ ಮಾಡಿದ್ದೀಯ, ಹೋಗು" ಅಂದರು. ಇನ್ನೊಂದಷ್ಟು ಜನ "ಅದು ಬಂಗಾರದ ಪಂಜರ, ಬೇಡ" ಅಂದರು. ಎರಡನ್ನೂ ಪಕ್ಕಕ್ಕೆ ಇಡು ಕಣೇ. ನಾನು ಕಂಡದ್ದನ್ನು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಒಂದು ಮಾತು. ಗ್ರೀನ್ ಕಾರ್ಡ್ ಕೊಡುವುದು ಅಮೆರಿಕದಲ್ಲಿ ಕಾಯಂ ಆಗಿ ವಾಸ ಮಾಡುವವರಿಗೆ. ವರ್ಷಕ್ಕೊಂದು ಸಲ ಬಂದು ಮೊಮ್ಮಗಳನ್ನು ನೋಡಿಕೊಂಡು ಹೋಗಬೇಕು ಅಂತಿದ್ದರೆ ಅದಕ್ಕೆ ವಿಸಿಟರ್ ವೀಸಾ ಸಾಕು, ಅದು ನಿನ್ನ ಹತ್ತಿರ ಈಗಾಗಲೇ ಇದೆ. ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳು ಇರಲು ಬಿಡುತ್ತಾರೆ. ಗ್ರೀನ್ ಕಾರ್ಡ್ ಇಟ್ಟುಕೊಂಡು ಊರಿನಲ್ಲೇ ಜಾಸ್ತಿ ದಿನ ಇದ್ದರೆ ತೊಂದರೆ ಶುರುವಾಗುತ್ತದೆ. ಆರು ತಿಂಗಳು ದಾಟಿ ಬಂದರೆ ಏರ್‌ಪೋರ್ಟಿನಲ್ಲಿ ಪ್ರಶ್ನೆ ಕೇಳಬಹುದು. ಒಂದು ವರ್ಷ ದಾಟಿದರೆ ಬರೀ ಕಾರ್ಡ್ ತೋರಿಸಿ ಒಳಗೆ ಬರಲು ಆಗುವುದಿಲ್ಲ. ಅಷ್ಟು ದಿನ ಹೋಗುವುದಿದ್ದರೆ ಮುಂಚೆಯೇ ರೀ-ಎಂಟ್ರಿ ಪರ್ಮಿಟ್‌ಗೆ ಅರ್ಜಿ ಹಾಕಬೇಕು, ಅದನ್ನೂ ಅಮೆರಿಕದಲ್ಲಿ ಇದ್ದಾಗಲೇ ಹಾಕಬೇಕು. ನನಗೆ ಗೊತ್ತಿರುವ ಎಷ್ಟೋ ಹಿರಿಯರು ಕಾರ್ಡ್ ಉಳಿಸಿಕೊಳ್ಳಲು ಅಂತಲೇ ಮಂಡಿ ನೋವು ಕಟ್ಟಿಕೊಂಡು ವರ್ಷಕ್ಕೆ ಎರಡು ಸಲ ಓಡಾಡುತ್ತಾರೆ. ಎರಡು ಊರಿನಲ್ಲಿ ಒಂದರಲ್ಲೂ ನೆಮ್ಮದಿಯಾಗಿ ಕೂರುವುದಿಲ್ಲ. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಹಾಗಾಗಿ ಮಗಳು ಅರ್ಜಿ ಹಾಕುವ ಮುಂಚೆ ನೀವಿಬ್ಬರೂ ಕೂತು ಮಾತಾಡಬೇಕಾದದ್ದು ಒಂದೇ. ಬೆಳಿಗ್ಗೆ ಎದ್ದು ರಾತ್ರಿ ಮಲಗುವವರೆಗಿನ ನಿಮ್ಮ ದಿನ ಯಾವ ಊರಿನಲ್ಲಿ ಕಳೆಯಬೇಕು? ಅದು ಗೊತ್ತಾದರೆ ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಇಲ್ಲಿನ ದಿನ ಹೇಗಿರುತ್ತದೆ ಅಂತ ಹೇಳುತ್ತೇನೆ. ನೀನು ಮಗಳ ಬಾಣಂತನಕ್ಕೆ ಬಂದದ್ದು ಬೇಸಿಗೆಯಲ್ಲಿ. ಆಗ ರಾತ್ರಿ ಎಂಟರವರೆಗೂ ಬೆಳಕಿರುತ್ತದೆ, ಪಾರ್ಕಿನಲ್ಲಿ ಜನ ಇರುತ್ತಾರೆ, ಹಿತ್ತಲಲ್ಲಿ ಮೆಂತ್ಯ ಸೊಪ್ಪು ಬೆಳೆಯಬಹುದು. ಡಿಸೆಂಬರಿನಲ್ಲಿ ನಾಲ್ಕೂವರೆಗೆ ಕತ್ತಲು. ಮಗಳು ಅಳಿಯ ಇಬ್ಬರೂ ಕೆಲಸಕ್ಕೆ, ಮಗು ಸ್ಕೂಲಿಗೆ. ಬೀದಿಯಲ್ಲಿ ಒಂದು ನರಪಿಳ್ಳೆ ಇರುವುದಿಲ್ಲ. ತರಕಾರಿಯವನ ಕೂಗಿಲ್ಲ, ಹಾಲಿನವನ ಬೆಲ್ಲಿಲ್ಲ, ಪಕ್ಕದ ಮನೆಯವರು ಸಕ್ಕರೆ ಕೇಳಿಕೊಂಡು ಬರುವುದಿಲ್ಲ. ನಮ್ಮತ್ತೆ 90ರ ದಶಕದಲ್ಲಿ ಹೀಗೇ ಬಂದವರು. ಮೊದಲ ಚಳಿಗಾಲ ಕಿಟಕಿ ಪಕ್ಕ ಕೂತು ಕಳೆದರು. ನಾನು ಕೆಲಸದಿಂದ ಬಂದ ತಕ್ಷಣ ಇಡೀ ದಿನದ ಮಾತು ಒಟ್ಟಿಗೇ ಆಡುತ್ತಿದ್ದರು.

ಅವರ ದಿನ ಬದಲಾದದ್ದು ನಾವು ಮನೆ ಬದಲಾಯಿಸಿದ ಮೇಲೆ. ಎಡಿಸನ್ ಮತ್ತು ಐಸ್ಲಿನ್ ನಡುವೆ ಓಕ್ ಟ್ರೀ ರೋಡ್ ಅಂತ ಇದೆ. ಅಲ್ಲಿ ಪೂರ್ತಿ ನಮ್ಮ ದೇಶದವರ ಅಂಗಡಿಗಳು. ಅದರ ಹತ್ತಿರ ನಡೆದು ಹೋಗುವ ದೂರದಲ್ಲಿ ಒಂದು ಚಿಕ್ಕ ಅಪಾರ್ಟ್‌ಮೆಂಟ್ ತೆಗೆದುಕೊಂಡೆವು. ಅತ್ತೆಗೆ ಅಲ್ಲಿ ಗುಜರಾತಿ ಹೆಂಗಸರ ಒಂದು ಗುಂಪು ಸಿಕ್ಕಿತು. ಸಂಜೆ ಒಟ್ಟಿಗೆ ವಾಕಿಂಗ್, ಆಮೇಲೆ ಯಾರದ್ದಾದರೂ ಮನೆಯಲ್ಲಿ ಭಜನೆ. ಹಾಸನ ಜಿಲ್ಲೆ ಬಿಟ್ಟು ಹೊರಗೆ ಹೋಗದಿದ್ದವರು ಎರಡು ವರ್ಷದಲ್ಲಿ ಗುಜರಾತಿಯಲ್ಲಿ ಸಲೀಸಾಗಿ ಹರಟುತ್ತಿದ್ದರು. ಮನೆ ಎಷ್ಟು ದೊಡ್ಡದು ಅನ್ನುವುದು ನಮ್ಮ ವಯಸ್ಸಿಗೆ ಮುಖ್ಯವೇ ಅಲ್ಲ. ಕಾಲ್ನಡಿಗೆಯಲ್ಲಿ ಹೋಗಿ ಇನ್ನೊಬ್ಬರನ್ನು ಮಾತಾಡಿಸಿಕೊಂಡು ಬರಲು ಆಗುತ್ತದಾ ಅನ್ನುವುದು ಮುಖ್ಯ.

ನಿನ್ನ ಮಗಳ ಮನೆ ಇರುವ ಕಡೆ ರಸ್ತೆಗೆ ಫುಟ್‌ಪಾತ್ ಕೂಡ ಇಲ್ಲ ಅಂತ ನೀನೇ ಹೇಳಿದ್ದೆ. ಹಾಗಿದ್ದರೆ ಕಾರು ಓಡಿಸುವುದನ್ನು ಕಲಿ. ಅರವತ್ತು ದಾಟಿದ ಮೇಲೆ ಕಲಿತವರು ನನ್ನ ಸುತ್ತಮುತ್ತ ಇದ್ದಾರೆ. ಅದು ಬೇಡ ಅನ್ನಿಸಿದರೆ ರೈಲ್ವೆ ಸ್ಟೇಷನ್ ಹತ್ತಿರ ಇರುವ ಮನೆ ನೋಡಲು ಮಗಳಿಗೆ ಹೇಳು. ಎನ್‌ಜೆ ಟ್ರಾನ್ಸಿಟ್ ರೈಲು, ಬಸ್ಸಿನಲ್ಲಿ 62 ದಾಟಿದವರಿಗೆ ಟಿಕೆಟ್ ಕಡಿಮೆ. ಊರೂರಿಗೆ ಪಬ್ಲಿಕ್ ಲೈಬ್ರರಿ ಇದೆ, ದುಡ್ಡು ಕೊಡಬೇಕಿಲ್ಲ, ಎಷ್ಟೋ ಕಡೆ ಇಂಗ್ಲಿಷ್ ಮಾತಾಡುವ ಕ್ಲಾಸೂ ನಡೆಯುತ್ತದೆ. ನಾನು ಬಹಳ ವರ್ಷ ಲೈಬ್ರರಿಯಲ್ಲೇ ಕೆಲಸ ಮಾಡಿದವಳು. ಅಲ್ಲಿಗೆ ಒಬ್ಬರೇ ಬಂದು ಮೂಲೆಯಲ್ಲಿ ಕೂರುತ್ತಿದ್ದ ಹಿರಿಯರು ಆರು ತಿಂಗಳಲ್ಲಿ ಸ್ನೇಹಿತರನ್ನು ಕಟ್ಟಿಕೊಂಡು ಗಲಗಲ ಮಾತಾಡುವುದನ್ನು ನಾನೇ ನೋಡಿದ್ದೇನೆ.

ಈಗ ಆಸ್ಪತ್ರೆ ವಿಷಯ. ಇದನ್ನು ಗಮನ ಕೊಟ್ಟು ಓದು. ನಿಮ್ಮ ಮನೆಯವರಿಗೆ ಶುಗರ್ ಇದೆ ಅಲ್ವಾ?

ಮೆಡಿಕೇರ್ ಅನ್ನುವುದು 65 ದಾಟಿದವರಿಗೆ ಇಲ್ಲಿನ ಸರ್ಕಾರದ ಹೆಲ್ತ್ ಇನ್ಶುರೆನ್ಸ್. ಗ್ರೀನ್ ಕಾರ್ಡ್ ಬಂದ ತಕ್ಷಣ ಅದು ಸಿಗುವುದಿಲ್ಲ. ಸತತವಾಗಿ ಐದು ವರ್ಷ ಇಲ್ಲಿ ವಾಸ ಮಾಡಿರಬೇಕು. ಆಮೇಲೂ ನೀವು ಇಲ್ಲಿ ದುಡಿದಿಲ್ಲವಾದ್ದರಿಂದ ದುಡ್ಡು ಕೊಟ್ಟು ತೆಗೆದುಕೊಳ್ಳಬೇಕು. 2025ರ ಲೆಕ್ಕದಲ್ಲಿ ಆಸ್ಪತ್ರೆ ಖರ್ಚು ನೋಡುವ ಪಾರ್ಟ್ ಎ ತಿಂಗಳಿಗೆ 518 ಡಾಲರ್, ಡಾಕ್ಟರ್ ಖರ್ಚು ನೋಡುವ ಪಾರ್ಟ್ ಬಿ 185 ಡಾಲರ್ ಇತ್ತು. ಇದು ಒಬ್ಬರಿಗೆ. ಸುಮಾರು ಹತ್ತು ವರ್ಷ ಇಲ್ಲಿ ಕೆಲಸ ಮಾಡಿ ತೆರಿಗೆ ಕಟ್ಟಿದ ನನ್ನಂಥವರಿಗೆ ಪಾರ್ಟ್ ಎ ಬಿಟ್ಟಿ. ಮೊದಲ ಐದು ವರ್ಷಕ್ಕೆ ಸರ್ಕಾರದ ಮಾರ್ಕೆಟ್‌ಪ್ಲೇಸ್‌ನಲ್ಲಿ, ಅಂದರೆ ಹೆಲ್ತ್ ಇನ್ಶುರೆನ್ಸ್ ಕೊಳ್ಳುವ ವೆಬ್‌ಸೈಟಿನಲ್ಲಿ, ಪ್ರೈವೇಟ್ ಪಾಲಿಸಿ ಕೊಳ್ಳಬಹುದು. ಇಲ್ಲಿಗೆ ಬಂದ 60 ದಿನದ ಒಳಗೆ ಅದನ್ನು ಮಾಡಿಬಿಡಬೇಕು. ತಿಂಗಳ ಕಂತು ಎಷ್ಟು ಅಂತ ಮಗಳು ಈಗಲೇ ನೋಡಲಿ. ನಿಮ್ಮ ವಯಸ್ಸಿನ ಮೇಲೆ, ತೆರಿಗೆ ಲೆಕ್ಕದಲ್ಲಿ ಒಂದೇ ಮನೆ ಅಂತ ತೋರಿಸುವವರು ಎಷ್ಟು ಜನ, ಅವರ ಆದಾಯ ಎಷ್ಟು ಅನ್ನುವುದರ ಮೇಲೆ ಅದು ಬದಲಾಗುತ್ತದೆ.

ಇನ್ನೊಂದು. ಗ್ರೀನ್ ಕಾರ್ಡ್ ಅರ್ಜಿಯ ಜೊತೆ ಅವಳು ಒಂದು ಮುಚ್ಚಳಿಕೆಗೆ ಸಹಿ ಹಾಕಬೇಕು, ನಿಮ್ಮಿಬ್ಬರ ಜವಾಬ್ದಾರಿ ನನ್ನದು ಅಂತ. ನೀವು ಸಿಟಿಜನ್ ಆಗುವವರೆಗೆ ಅಥವಾ ಹತ್ತು ವರ್ಷದಷ್ಟು ಕೆಲಸ ಮಾಡುವವರೆಗೆ ಅದು ಅವಳ ತಲೆಯ ಮೇಲೆ ಇರುತ್ತದೆ. ಅವಳು ಸಂತೋಷವಾಗಿಯೇ ಸಹಿ ಹಾಕುತ್ತಾಳೆ, ನನಗೆ ಗೊತ್ತು. ಆದರೂ ಅದು ಎಷ್ಟು ದೊಡ್ಡದು ಅಂತ ನಿನಗೂ ತಿಳಿದಿರಬೇಕು.

ವಿಸಿಟರ್ ಆಗಿ ಬರುವಾಗ ತೆಗೆದುಕೊಳ್ಳುವ ಟ್ರಾವೆಲ್ ಇನ್ಶುರೆನ್ಸ್ ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ಪೂರ್ತಿ ದುಡ್ಡು ಕೊಡುವುದಿಲ್ಲ. ಅಂಥ ಪಾಲಿಸಿ ನಂಬಿಕೊಂಡು ಬಂದ ನನ್ನ ಅಣ್ಣನಿಗೆ ಇಲ್ಲಿ ಎದೆನೋವು ಬಂತು. ಆ ಬಿಲ್ಲನ್ನು ನಾವು ಕಂತು ಕಟ್ಟಿ ತೀರಿಸಿದೆವು. ಪಾಲಿಸಿಯ ಸಣ್ಣ ಅಕ್ಷರವನ್ನು ಮಗಳ ಜೊತೆ ಕೂತು ಪೂರ್ತಿ ಓದು. ಮೂರು ತಿಂಗಳ ಮಾತ್ರೆ, ಜೊತೆಗೆ ಡಾಕ್ಟರ್ ಬರೆದ ಚೀಟಿ ಕೈಚೀಲದಲ್ಲೇ ಇರಲಿ.

ದುಡ್ಡಿನ ವಿಷಯದಲ್ಲಿ ಒಂದನ್ನು ಯಾರೂ ನಿನಗೆ ಹೇಳಿರುವುದಿಲ್ಲ. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ಊರಿನ ನಿನ್ನ ಆದಾಯವನ್ನೆಲ್ಲ ಇಲ್ಲಿನ ತೆರಿಗೆ ರಿಟರ್ನ್‌ನಲ್ಲಿ ತೋರಿಸಬೇಕು. ಟೀಚರ್ ಪೆನ್ಷನ್, ಎಫ್‌ಡಿ ಬಡ್ಡಿ, ಮಹಡಿ ಮನೆಯ ಬಾಡಿಗೆ, ಎಲ್ಲವೂ. ಊರಿನ ಖಾತೆಗಳಲ್ಲಿ ಇರುವ ಹಣ ಒಟ್ಟು ಸೇರಿ ವರ್ಷದಲ್ಲಿ ಯಾವತ್ತಾದರೂ 10,000 ಡಾಲರ್ ದಾಟಿದರೆ ಎಫ್‌ಬಾರ್ ಅಂತ ಬೇರೆಯೇ ಒಂದು ಫಾರಂ ತುಂಬಬೇಕು. 10,000 ಡಾಲರ್ ಅಂದರೆ ಸುಮಾರು ಒಂಬತ್ತು ಲಕ್ಷ ರೂಪಾಯಿ. ರಿಟೈರ್ ಆದಾಗ ಬಂದ ದುಡ್ಡನ್ನು ಎಫ್‌ಡಿ ಇಟ್ಟವರೆಲ್ಲ ಅದನ್ನು ದಾಟಿಯೇ ಇರುತ್ತಾರೆ. ತೆರಿಗೆ ಕಟ್ಟಬೇಕಾಗಿ ಬರದಿದ್ದರೂ ಫಾರಂ ತುಂಬಲೇಬೇಕು, ಬಿಟ್ಟರೆ ದಂಡ ಜಾಸ್ತಿ. ಪೆನ್ಷನ್‌ಗೆ ನವೆಂಬರಿನಲ್ಲಿ ಕೊಡುವ ಲೈಫ್ ಸರ್ಟಿಫಿಕೇಟ್‌ಗಾಗಿ ಊರಿಗೆ ಓಡಬೇಕಾಗಿಲ್ಲ. ನ್ಯೂಯಾರ್ಕಿನ ನಮ್ಮ ಕಾನ್ಸುಲೇಟ್‌ನಲ್ಲಿ ಮಾಡಿಕೊಡುತ್ತಾರೆ.

ಕಾಗದಪತ್ರದ ಮಾತು ಬಂತಲ್ಲ, ನಮ್ಮ ಕಾಲದವರಲ್ಲಿ ಎಷ್ಟೋ ಜನ ಮನೆಯಲ್ಲೇ ಹುಟ್ಟಿದವರು, ಜನನ ನೋಂದಣಿ ಆಗಿಲ್ಲ. ನಿನ್ನದೂ ಹಾಗೇ ಇದ್ದರೆ, ದಾಖಲೆ ಇಲ್ಲ ಅನ್ನುವ ಸರ್ಟಿಫಿಕೇಟ್ ಮೊದಲು ತೆಗೆಸಬೇಕು. ಅದರ ಜೊತೆಗೆ ಹುಟ್ಟಿದ ತಾರೀಖು ಇರುವ ನಮ್ಮ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಕೆಲಸಕ್ಕೆ ಬರುತ್ತದೆ. ಟ್ರಂಕಿನಿಂದ ಅದನ್ನು ಹುಡುಕಿ ತೆಗೆದಿಡು. ಎಲ್ಲಾ ಕಾಗದದಲ್ಲೂ ಹೆಸರಿನ ಸ್ಪೆಲ್ಲಿಂಗ್, ಇನಿಷಿಯಲ್ ಒಂದೇ ಇದೆಯಾ ನೋಡು.

ಮಗಳ ಮನೆಯಲ್ಲಿ ನಿನ್ನ ಪಾತ್ರ ಏನು ಅನ್ನುವುದನ್ನು ಬರುವ ಮುಂಚೆಯೇ ಬಾಯಿಬಿಟ್ಟು ಮಾತಾಡಿಕೊಳ್ಳಿ. ಮೊಮ್ಮಗಳನ್ನು ನೋಡಿಕೊಳ್ಳುವುದು ನಿನಗೆ ಇಷ್ಟ, ಸಂತೋಷ. ಎಷ್ಟು ಹೊತ್ತು? ಅಡುಗೆ ಯಾರದು? ಶನಿವಾರ, ಭಾನುವಾರ ನಿನ್ನದಾ? ನಲವತ್ತು ವರ್ಷ ಮನೆ, ಸ್ಕೂಲು ಎರಡನ್ನೂ ತೂಗಿಸಿದವಳು ನೀನು. ಈಗ ಮತ್ತೆ ಬೆಳಿಗ್ಗೆಯಿಂದ ರಾತ್ರಿವರೆಗೆ ಇನ್ನೊಬ್ಬರ ಟೈಮ್‌ಟೇಬಲ್ಲಿನಲ್ಲಿ ಓಡುವುದು ನಿನಗೆ ಬೇಡ ಅಂತ ನನಗೆ ಅನ್ನಿಸುತ್ತದೆ. ಇದನ್ನು ಕೇಳಿದರೆ ಮಗಳು ಬೇಜಾರು ಮಾಡಿಕೊಳ್ಳುವುದಿಲ್ಲ. ಕೇಳದೆ ಒಳಗೇ ಇಟ್ಟುಕೊಂಡ ಮನೆಗಳಲ್ಲಿ ತಾಯಿ ಮಗಳು ಮಾತು ಬಿಟ್ಟಿರುವುದನ್ನು ನಾನು ನೋಡಿದ್ದೇನೆ.

ನಿನಗೆ ಇಲ್ಲಿ ಒಂದು ಕೆಲಸ ಕಾಯುತ್ತಿದೆ. ಇಲ್ಲಿನ ಕನ್ನಡ ಕೂಟದ ಹೆಸರು ಬೃಂದಾವನ. ಯುಗಾದಿ, ರಾಜ್ಯೋತ್ಸವ ಎಲ್ಲಾ ಆಗುತ್ತದೆ. ಮಕ್ಕಳಿಗೆ ವಾರಕ್ಕೊಂದು ದಿನ ಕನ್ನಡ ಹೇಳಿಕೊಡುವ ತರಗತಿಗಳೂ ನಡೆಯುತ್ತವೆ. ಹೇಳಿಕೊಡುವವರು ಹೆಚ್ಚಾಗಿ ಸಾಫ್ಟ್‌ವೇರ್ ಕೆಲಸದ ಅಪ್ಪ ಅಮ್ಮಂದಿರು, ವಾರವೆಲ್ಲ ದುಡಿದು ರಜೆಯ ದಿನ ಬಂದು ಕಾಗುಣಿತ ಬರೆಸುತ್ತಾರೆ. ಅವರನ್ನು ಕಂಡರೆ ನನಗೆ ಬಹಳ ಗೌರವ. ಮೂವತ್ತು ವರ್ಷಕ್ಕೂ ಮೇಲೆ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದ ನೀನು ಅಲ್ಲಿಗೆ ಹೋಗಿ ನಿಂತರೆ ಆ ಮಕ್ಕಳಿಗೂ ಲಾಭ, ನಿನಗೂ ವಾರಕ್ಕೊಂದು ದಿನ ಸೀರೆ ಉಟ್ಟು ಹೊರಡಲು ಕಾರಣ. ಬ್ರಿಡ್ಜ್‌ವಾಟರ್‌ನಲ್ಲಿ ವೆಂಕಟೇಶ್ವರ ದೇವಸ್ಥಾನ ಇದೆ, ಎಡಿಸನ್ನಿನಲ್ಲಿ ಪುತ್ತಿಗೆ ಮಠದ ಕೃಷ್ಣ ವೃಂದಾವನ ಇದೆ. ದೇವರಿಗೆ ಕೈಮುಗಿಯುವುದು ಹಾಗಿರಲಿ, ಅಲ್ಲಿ ಕನ್ನಡದಲ್ಲಿ ಮಾತಾಡಿಸುವವರು ಸಿಗುತ್ತಾರೆ.

ಗ್ರೂಪಿನಲ್ಲಿ ನೀನು ಕೇಳದೆ ಬಿಟ್ಟ ಪ್ರಶ್ನೆ ಒಂದಿದೆ. ಫೋನಿನಲ್ಲಿ ಕೇಳಲು ಹೋಗಿ ಸುಮ್ಮನಾದೆ. ಇಲ್ಲಿ ಏನಾದರೂ ಆಗಿಬಿಟ್ಟರೆ ಯಾರು ಇರುತ್ತಾರೆ ಅಂತ ತಾನೆ? ನಮ್ಮನೆಯವರು ಹೋದಾಗ ಮಗ ಕ್ಯಾಲಿಫೋರ್ನಿಯಾದಲ್ಲಿದ್ದ. ಅವನು ಬರುವಷ್ಟರಲ್ಲಿ ಮನೆ ತುಂಬ ಜನ ಸೇರಿದ್ದರು. ಪುರೋಹಿತರನ್ನು ಹುಡುಕಿದ್ದು, ಆಸ್ಪತ್ರೆಯ ಕಾಗದ ಮಾಡಿಸಿದ್ದು ಎಲ್ಲಾ ಸ್ನೇಹಿತರೇ. ಹದಿಮೂರು ದಿನವೂ ಯಾರಾದರೂ ಅನ್ನ ಸಾರು ತಂದಿಟ್ಟರು. ಎದುರು ಮನೆಯ ಇಟಾಲಿಯನ್ ಅಜ್ಜಿ ದಿನಾ ಸಂಜೆ ಬಂದು ನನ್ನ ಕೈ ಹಿಡಿದು ಕೂರುತ್ತಿದ್ದರು. ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ತಂದು ಬಿಟ್ಟೆವು, ಅದು ಅವರ ಆಸೆ. ಆದರೆ ಇದು ನೆನಪಿರಲಿ. ಆ ಜನ ನಮಗೆ ಸಿಕ್ಕಿದ್ದು ನಾವೂ ವರ್ಷಗಟ್ಟಲೆ ಅವರ ಮನೆಯ ಕಷ್ಟಕ್ಕೆ ಹೋಗಿದ್ದರಿಂದ. 65ಕ್ಕೆ ಬಂದವರಿಗೂ ಅಂಥ ಜನ ಸಿಗುತ್ತಾರೆ, ಆದರೆ ನೀನೇ ಮನೆಯಿಂದ ಹೊರಗೆ ಬಂದು ಬೆಳೆಸಿಕೊಳ್ಳಬೇಕು.

ನನ್ನನ್ನು ಕೇಳಿದರೆ, ಈಗಲೇ ಅರ್ಜಿ ಬೇಡ. ಇರುವ ವಿಸಿಟರ್ ವೀಸಾದಲ್ಲಿ ಮುಂದಿನ ಅಕ್ಟೋಬರಿನಲ್ಲಿ ಇಬ್ಬರೂ ಬನ್ನಿ, ಮಾರ್ಚ್‌ವರೆಗೆ ಇರಿ. ಒಂದು ಚಳಿಗಾಲ ಪೂರ್ತಿ ನೋಡಿ, ಹೇಳಿದ ದಿನಕ್ಕೆ ಊರಿಗೆ ವಾಪಸ್ ಹೋಗಿ. ಗ್ರೀನ್ ಕಾರ್ಡ್ ಅರ್ಜಿ ಹಾಕಿದ ಮೇಲೆ ವಿಸಿಟರ್ ಆಗಿ ಬರುವುದು ಕಷ್ಟ, ಇವರು ವಾಪಸ್ ಹೋಗುತ್ತಾರಾ ಅಂತ ಅನುಮಾನ ಪಡುತ್ತಾರೆ. ಅದಕ್ಕೇ ಈ ಕ್ರಮ. ಅಮೆರಿಕದ ಸಿಟಿಜನ್ ಮಕ್ಕಳು ತಂದೆ ತಾಯಿಗೆ ಹಾಕುವ ಅರ್ಜಿಗೆ ವರ್ಷಕ್ಕಿಷ್ಟೇ ಅನ್ನುವ ಮಿತಿ ಇಲ್ಲ, ಒಂದು ವರ್ಷ ತಡವಾದರೆ ಸಾಲು ತಪ್ಪಿಹೋಗುವುದಿಲ್ಲ. ಅಲ್ಲಿವರೆಗೆ ಅರಸೀಕೆರೆ ಮನೆ ಮಾರಬೇಡ. ಯಾರು ಎಷ್ಟೇ ಒಳ್ಳೆ ಬೆಲೆ ಕೊಡುತ್ತೇನೆ ಅಂದರೂ ಬೇಡ.

ನೀನು ಬಂದರೆ ನನಗೆ ಎಷ್ಟು ಖುಷಿ ಅಂತ ಬರೆದರೆ ನಿನ್ನ ತೀರ್ಮಾನಕ್ಕೆ ಅಡ್ಡ ಬರುತ್ತದೆ ಅಂತ ಇಷ್ಟು ಹೊತ್ತು ಬರೆಯಲಿಲ್ಲ. ಬಹಳ ಖುಷಿ ಕಣೇ. ನಿನ್ನ ಮಗಳ ಮನೆಗೂ ನಮ್ಮನೆಗೂ ಕಾರಿನಲ್ಲಿ ಅರ್ಧ ಗಂಟೆ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಈ ಭಾನುವಾರ ನಿಮ್ಮ ಸಂಜೆ ಏಳಕ್ಕೆ ಫೋನ್ ಮಾಡು, ಇಲ್ಲಿ ಆಗ ಬೆಳಿಗ್ಗೆ ಎಂಟೂವರೆ. ನಿಮ್ಮ ಮನೆಯವರನ್ನೂ ಪಕ್ಕದಲ್ಲಿ ಕೂರಿಸಿಕೊ. ಅವರಿಗೆ ಏನು ಬೇಕು ಅಂತ ನಿನ್ನ ಮೆಸೇಜಿನಲ್ಲಿ ಎಲ್ಲೂ ಇರಲಿಲ್ಲ.