ಒಂದು ಎಕರೆಗೆ ಐದು ಎಕರೆ

ಕೆನಡಾದ ಕ್ಯಾಲ್ಗರಿಗೆ ಬಂದು ಎರಡೇ ತಿಂಗಳಾಯಿತು ಎಂದು ಬರೆದಿದ್ದೀರಿ. ವರ್ತುಲ ರಸ್ತೆಯಲ್ಲಿ ‘ತ್ಸೂಟಿನಾ ಟ್ರೇಲ್’ ಎಂಬ ಫಲಕ ನೋಡಿದಿರಂತೆ. ತ್ಸೂಟಿನಾ ಎಂದರೆ ಇಲ್ಲಿಯ ಒಂದು ಮೂಲನಿವಾಸಿ ಜನಾಂಗ; ಅವರ ರಿಸರ್ವಿನಿಂದ ಬಿಟ್ಟುಕೊಟ್ಟ ಭೂಮಿಯ ಮೇಲೆ ಆ ರಸ್ತೆ ಹಾದಿದೆ. ರಿಸರ್ವ್ ಎಂದರೆ ನಮ್ಮ ಕಡೆಯ ರಿಸರ್ವ್ ಫಾರೆಸ್ಟ್ ಇದ್ದ ಹಾಗೆಯೇ, ಅಲ್ಲಿ ಕಟ್ಟುತ್ತಿರುವ ಮನೆಗಳಲ್ಲಿ ಇರಬಹುದೇ, ಅವರಿಗೆ ರಸ್ತೆಗೆ ಬಿಟ್ಟುಕೊಟ್ಟ ಒಂದು ಎಕರೆಗೆ ಐದು ಎಕರೆ ಸಿಕ್ಕರೆ ಲಾಟರಿ ಹೊಡೆದ ಹಾಗಲ್ಲವೇ ಎಂದು ಕೇಳಿದ್ದೀರಿ. ಆ ಲಾಟರಿಯ ಮಾತನ್ನು ಇಪ್ಪತ್ತು ವರ್ಷದಿಂದ ಇಲ್ಲಿರುವವರ ಬಾಯಲ್ಲೂ ಕೇಳಿದ್ದೇನೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ರಿಸರ್ವ್ ಕಾಡಲ್ಲ, ಉದ್ಯಾನವೂ ಅಲ್ಲ. ಮೂಲನಿವಾಸಿಗಳಿಗೆಂದು ಮೀಸಲಿಟ್ಟ ಭೂಮಿ, ಜನ ಬದುಕುತ್ತಿರುವ ಊರು. ನಕ್ಷೆ ತೆಗೆದು ನೋಡಿ: ನಗರದ ನೈರುತ್ಯ ಅಂಚಿಗೆ ಅಂಟಿಕೊಂಡಂತೆ 18 ಮೈಲಿ ಉದ್ದ, 6 ಮೈಲಿ ಅಗಲದ ಪಟ್ಟಿಯೊಂದು ಕಾಣುತ್ತದೆ. ಸರ್ವೆಯವರು ಟೌನ್‌ಶಿಪ್ ಎಂದು ಕರೆಯುವ ಆರು ಮೈಲಿ ಚೌಕದ ಮೂರು ತುಂಡುಗಳನ್ನು ಸಾಲಾಗಿ ಇಟ್ಟಿದ್ದಾರೆ, ಅಷ್ಟೇ. ಹೊಳೆ ಎಲ್ಲಿ ತಿರುಗುತ್ತದೆ, ದಿಬ್ಬ ಎಲ್ಲಿ ಏಳುತ್ತದೆ ಎಂಬುದನ್ನು ಗೆರೆ ಎಳೆದವರು ವಿಚಾರಿಸಿದ ಹಾಗಿಲ್ಲ. ಮೂಲನಿವಾಸಿಗಳ ಜೊತೆ ಸರ್ಕಾರ ಮಾಡಿಕೊಂಡ 1877ರ ಏಳನೇ ಒಪ್ಪಂದದಲ್ಲಿ ಐದು ಜನರ ಕುಟುಂಬಕ್ಕೆ ಒಂದು ಚದರ ಮೈಲಿ ಎಂಬ ಲೆಕ್ಕ ಬರೆದರು. ತ್ಸೂಟಿನಾ ಜನರಿಗೆ ಮೊದಲು ಗೊತ್ತುಮಾಡಿದ್ದು ಬೋ ನದಿಯ ದಂಡೆಯಲ್ಲಿ, ಬೇರೆ ಬುಡಕಟ್ಟುಗಳ ಜೊತೆ ಪಾಲಿನ ಜಾಗ. ನಾಯಕ ಬುಲ್‌ಹೆಡ್ ಅದಕ್ಕೆ ಒಗ್ಗಲಿಲ್ಲ. ಪಟ್ಟು ಹಿಡಿದು 1883ರಲ್ಲಿ ಈ ಪ್ರತ್ಯೇಕ ಭೂಮಿ ಪಡೆದ.

ಆ ಕಾಲದಲ್ಲಿ ಇಲ್ಲಿ ಅಳೆದ ಸರಪಳಿ 66 ಅಡಿಯದು. ನಮ್ಮ ಸರ್ವೆಯವರದು ಅದರ ಅರ್ಧ, 33 ಅಡಿ. ಅದರ ಚೌಕವೇ ನಮ್ಮ ಗುಂಟೆ, ನಲವತ್ತು ಗುಂಟೆಗೆ ಎಕರೆ. ಸಾಗರ ತಾಲೂಕಿನ ನನ್ನಂಥವನಿಗೆ ಇದು ತಿಳಿದಾಗ ಮೈ ಜುಮ್ಮೆಂದಿತು. ಲಿಂಗನಮಕ್ಕಿಯ ನೀರು ಏರುವುದಕ್ಕೆ ಎಷ್ಟೋ ಮೊದಲೇ, ಸರಪಳಿ ಹಿಡಿದವರು ಅಂಗಳ ದಾಟಿ ತೋಟಕ್ಕೆ ಇಳಿದ ದಿನವೇ ಊರು ಮುಳುಗಿತು ಎಂದು ಅಜ್ಜಿ ಹೇಳುತ್ತಿದ್ದಳು. ನಮಗೂ ಬದಲಿ ಜಮೀನು ಕೊಟ್ಟರು. ಅಡಿಕೆ ತೋಟ ಹೋಯಿತು, ಕಲ್ಲುಗುಡ್ಡ ಬಂತು. ಕಾಗದದಲ್ಲಿ ಎಕರೆ ಹೆಚ್ಚೇ ಇತ್ತು.

ಈಗ ಲಾಟರಿಗೆ ಬರೋಣ. ವರ್ತುಲ ರಸ್ತೆಗಾಗಿ ಆಲ್ಬರ್ಟಾ ಪ್ರಾಂತ್ಯದ ಸರ್ಕಾರದೊಂದಿಗೆ ಆದ 2013ರ ಒಪ್ಪಂದದಲ್ಲಿ ತ್ಸೂಟಿನಾ ಜನ ಕೊಟ್ಟದ್ದು 1,058 ಎಕರೆ. ಬದಲಿಗೆ ಪಡೆದದ್ದು 5,338 ಎಕರೆ ಸರ್ಕಾರಿ ಭೂಮಿ ಮತ್ತು 34 ಕೋಟಿ ಡಾಲರಿಗೂ ಹೆಚ್ಚು ಹಣ. ಆದರೆ ಕೊಟ್ಟದ್ದು ಹತ್ತು ಲಕ್ಷಕ್ಕೂ ಹೆಚ್ಚು ಜನರ ನಗರದ ಗೋಡೆಗೆ ತಾಗಿದ ಭೂಮಿ, ರಸ್ತೆಗೆ ಬೇರೆ ದಾರಿಯೇ ಇಲ್ಲದಂಥ ಜಾಗ. ಅದರ ಬೆಲೆಯನ್ನು ಎಕರೆ ಎಣಿಸಿ ಕಟ್ಟುವುದು ಹೇಗೆ? ಮನೆ ತೆರವು ಮಾಡಿದ ಕುಟುಂಬಗಳೂ ಇದ್ದವು. ಇನ್ನು ಹಳೆಯ ಲೆಕ್ಕ: ನೀವು ಕುಡಿಯುವ ನೀರಿನ ಗ್ಲೆನ್‌ಮೋರ್ ಜಲಾಶಯಕ್ಕಾಗಿ 1931ರಲ್ಲಿ ಇದೇ ರಿಸರ್ವಿನ ಸುಮಾರು 590 ಎಕರೆಯನ್ನು ನಗರ ಕೊಂಡದ್ದು ಎಕರೆಗೆ 50 ಡಾಲರಿನಂತೆ. ಇನ್ನೊಂದು ಭಾಗವನ್ನು ಸೇನೆ ದಶಕಗಳ ಕಾಲ ಗುತ್ತಿಗೆ ಪಡೆದು ಗುಂಡಿನ ಅಭ್ಯಾಸಕ್ಕೆ ಬಳಸಿತು. ಸಿಡಿಯದ ಶೆಲ್ಲುಗಳನ್ನು ಹೆಕ್ಕುವ ಕೆಲಸ ವರ್ಷಗಟ್ಟಲೆ ನಡೆಯಿತು. ಇಷ್ಟು ಅನುಭವವಾದ ಮೇಲೆ ಅವರು ಬರೀ ದುಡ್ಡಿಗೆ ಒಪ್ಪದೆ ಭೂಮಿಗೆ ಭೂಮಿಯನ್ನೇ ಕೇಳಿದ್ದರಲ್ಲಿ ಆಶ್ಚರ್ಯವೇನಿದೆ? 2009ರಲ್ಲಿ ಮತ ಹಾಕಿ ಒಮ್ಮೆ ಬೇಡವೆಂದೂ ಹೇಳಿದ್ದರು. ಎರಡನೇ ಸಲ ಒಪ್ಪುವಾಗ, ಭೂಮಿ ಕೈಬದಲಾದ ಏಳು ವರ್ಷದೊಳಗೆ ರಸ್ತೆಯಾಗದಿದ್ದರೆ ಅದು ಹಿಂದಿರುಗಬಹುದೆಂಬ ಷರತ್ತೂ ಸೇರಿತ್ತು. ನಮ್ಮ ಅಜ್ಜನಿಗೆ ಇಂಥದ್ದೊಂದು ಸಾಲು ಬರೆಸಿಕೊಳ್ಳುವ ಬಲ ಇರಲಿಲ್ಲ.

ನಾನು ಬಂದ ಹೊಸತರಲ್ಲಿ 37ನೇ ಬೀದಿಯ ಹತ್ತಿರ ಬಾಡಿಗೆಗಿದ್ದೆ. ಬೀದಿಯ ಪೂರ್ವಕ್ಕೆ ಸಾಲುಮನೆಗಳು, ಪಶ್ಚಿಮಕ್ಕೆ ತಂತಿಬೇಲಿ, ಅದರಾಚೆ ಹಿಮದಲ್ಲಿ ಗೊರಸಿನಿಂದ ಕೆದರಿ ಹುಲ್ಲು ಹುಡುಕುವ ಕುದುರೆಗಳು. ಆ ಕಡೆ ‘ಖಾಲಿ ಜಾಗ’ ಎಂದೇ ನಾನೂ ತಿಳಿದಿದ್ದೆ.

ಮನೆಯ ವಿಚಾರಕ್ಕೆ ಧಾರಾಳವಾಗಿ ಹೋಗಿ ನೋಡಿ. 2020ರಲ್ಲಿ ರಸ್ತೆ ತೆರೆದ ವರ್ಷವೇ ಅಲ್ಲಿ ಕಾಸ್ಟ್ಕೊ ಮಳಿಗೆಯೂ ಬಂತು. ಅಕ್ಕಿ ಮೂಟೆ ನಾವೂ ಅಲ್ಲಿಂದಲೇ ತರುತ್ತೇವೆ. ಆದರೆ ರಿಸರ್ವಿನ ನೆಲ ನಿಮಗೆ ಕ್ರಯಕ್ಕೆ ಸಿಗುವುದಿಲ್ಲ, ಗುತ್ತಿಗೆಗೆ ಮಾತ್ರ. ಎಷ್ಟು ವರ್ಷಕ್ಕೆ, ಅವಧಿ ಮುಗಿದ ಮೇಲೆ ಏನು ಎಂಬುದನ್ನು ವಕೀಲರಿಂದ ಓದಿಸಿ ಸಹಿ ಹಾಕಿ. ಮತ್ತೆ, ಮಕ್ಕಳಿಗೆ ಕುದುರೆ ತೋರಿಸಬೇಕೆಂದರೆ ಬೇಲಿಯ ಈಚೆಯೇ ನಿಲ್ಲಿ.