ಸ್ಪೇಸ್ ಮರೀನ್ ಭುಜಕವಚಕ್ಕೆ ಡೆಕಾಲ್ ಹಾಕಿದಾಗೆಲ್ಲ ಸುಕ್ಕು ಬೀಳುತ್ತದೆ. ಹೇಗೆ ಸರಿಪಡಿಸಲಿ?

ವಾರ್‌ಹ್ಯಾಮರ್ 40,000 ಆಟದ ಸ್ಪೇಸ್ ಮರೀನ್ ಸೈನಿಕರಲ್ಲಿ ಅಲ್ಟ್ರಾಮರೀನ್ಸ್ ಎಂಬ ನೀಲಿ ಪಡೆಯ ಬೊಂಬೆಯ ಭುಜಕವಚಕ್ಕೆ ವಾಟರ್‌ಸ್ಲೈಡ್ ಡೆಕಾಲ್ (ನೀರಿನಲ್ಲಿ ನೆನೆಸಿ, ಕಾಗದದಿಂದ ಜಾರಿಸಿ ಅಂಟಿಸುವ ತೆಳು ಚಿತ್ರ) ಹಾಕಿದರೆ ಅಂಚಿನಲ್ಲಿ ನೆರಿಗೆ ಏಳುತ್ತದೆ, ಒತ್ತಿದರೆ ಹರಿಯುತ್ತದೆ, ಒಣಗಿದ ಮೇಲೆ ಸುತ್ತಲೂ ಬೆಳ್ಳಗೆ ಮಂಜು ಕವಿದಂತೆ ಕಾಣುತ್ತದೆ ಎಂದು ಕೇಳಿದ್ದೀರಿ. ನೆರಿಗೆಗೆ ಒಂದು ಕಾರಣ, ಮಂಜಿಗೆ ಇನ್ನೊಂದು. ನೆರಿಗೆ ನಿಮ್ಮ ಕೈಯ ತಪ್ಪಲ್ಲ, ಅಳತೆಯ ವಿಷಯ. ಅದನ್ನೇ ಮೊದಲು ನೋಡೋಣ.

ಕಿತ್ತಳೆ ಸಿಪ್ಪೆಯನ್ನು ಮೇಜಿನ ಮೇಲೆ ಒತ್ತಿ ಚಪ್ಪಟೆ ಮಾಡಹೋದರೆ ಅಂಚು ಸೀಳುತ್ತದೆ. ಡೆಕಾಲ್‌ನದು ಇದರ ಉಲ್ಟಾ: ಚಪ್ಪಟೆ ಹಾಳೆಯನ್ನು ಗುಮ್ಮಟದ ಮೇಲೆ ಹೊದಿಸಿದರೆ ಅಂಚಿನಲ್ಲಿ ಹಾಳೆ ಹೆಚ್ಚಾಗುತ್ತದೆ. 8 ಮಿ.ಮೀ. ಅಗಲದ ಸುತ್ತು ಡೆಕಾಲ್, 6 ಮಿ.ಮೀ. ತ್ರಿಜ್ಯದ ಉಬ್ಬು ಎಂದಿಟ್ಟುಕೊಳ್ಳಿ. ಡೆಕಾಲ್ ಅಂಚಿನ ಸುತ್ತಳತೆ 25.1 ಮಿ.ಮೀ. ಉಬ್ಬಿನ ಮೇಲೆ ಆ ಅಂಚಿಗೆ ಸಿಗುವ ಜಾಗ 23.3 ಮಿ.ಮೀ. ಮಾತ್ರ. ಮಿಕ್ಕ 1.8 ಮಿ.ಮೀ. ಎಲ್ಲಿಗೆ ಹೋಗಬೇಕು? ಅದೇ ನೆರಿಗೆಯಾಗಿ ಏಳುವುದು. ಅದೇ ಉಬ್ಬಿನ ಮೇಲೆ 4 ಮಿ.ಮೀ. ಅಗಲದ ಡೆಕಾಲ್ ಹಾಕಿದರೆ ಹೆಚ್ಚುವರಿ ಬರೀ 0.23 ಮಿ.ಮೀ. ಅಗಲ ಅರ್ಧವಾದರೆ ಹೆಚ್ಚುವರಿ ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ ಚಿತ್ರದ ಸುತ್ತ ಖಾಲಿ ಬಿಟ್ಟಿರುವ ಪಾರದರ್ಶಕ ಫಿಲ್ಮನ್ನು ಕತ್ತರಿಸಿ ತೆಗೆದರೆ ಸಿಗುವ ಲಾಭ ನಾವು ಅಂದುಕೊಳ್ಳುವುದಕ್ಕಿಂತ ಬಹಳ ಹೆಚ್ಚು. (ಪೈಪು, ಫಿರಂಗಿ ನಳಿಗೆಯಂಥ ಒಂದೇ ದಿಕ್ಕಿಗೆ ಬಾಗಿದ ಮೇಲ್ಮೈಯಲ್ಲಿ ಈ ಹೆಚ್ಚುವರಿ ಸೊನ್ನೆ. ಅಲ್ಲಿ ನೆರಿಗೆ ಬಿದ್ದರೆ ಒತ್ತಿ ಸರಿಪಡಿಸಬಹುದು.)

ಹಾಗಾಗಿ ಮೊದಲ ಕೆಲಸ ಬ್ಲೇಡಿನದು, ಡೆಕಾಲ್ ಮೆತ್ತಗಾಗಿಸುವ ದ್ರವದ ಬಾಟಲಿಯದಲ್ಲ. ಕತ್ತರಿಸುವುದೆಲ್ಲ ನೀರಿಗೆ ಹಾಕುವ ಮುಂಚೆ, ಹಾಬಿ ಚಾಕುವಿನ ಹೊಸ ನಂ. 11 (ಚೂಪು ಮೊನೆಯ) ಬ್ಲೇಡಿನಲ್ಲಿ. ಮೊಂಡಾದ ಬ್ಲೇಡು ಫಿಲ್ಮನ್ನು ಕತ್ತರಿಸುವುದಿಲ್ಲ, ಎಳೆದು ಸೀಳುತ್ತದೆ. ಅಲ್ಟ್ರಾಮರೀನ್ಸ್ ಚಿಹ್ನೆ ತಲೆಕೆಳಗಾದ ಒಮೆಗಾ: ಕೆಳಗೆ ದುಂಡು, ಬಾಯಿ ಮೇಲಕ್ಕೆ, ಎರಡು ಪಾದಗಳು ಹೊರಕ್ಕೆ ಚಾಚಿವೆ. ಬಿಳಿ ಚಿತ್ರದ ಸುತ್ತ ಅರ್ಧ ಮಿ.ಮೀ.ಗಿಂತ ಹೆಚ್ಚು ಉಳಿಯದಂತೆ ಹೊರಗಿನ ಫಿಲ್ಮನ್ನು ಕತ್ತರಿಸಿ. ಪಾದಗಳ ಕೆಳಗಿನ ಸಂದಿಯ ಫಿಲ್ಮನ್ನೂ ತೆಗೆಯಿರಿ. ಆಮೇಲೆ ಮೇಲಿನ ಬಾಯಿಯಿಂದ ನಡುವಿನ ಖಾಲಿ ಜಾಗದೊಳಕ್ಕೆ ಕಿರಿದಾದ ವಿ ಆಕಾರದ ಒಂದು ಚೂರನ್ನು ಕತ್ತರಿಸಿ ತೆಗೆಯಿರಿ. ಈಗ ಎರಡು ತೋಳುಗಳೂ ಒಂದಕ್ಕೊಂದು ಅಂಟಿಕೊಳ್ಳದೆ, ತಮ್ಮ ಪಾಡಿಗೆ ತಾವು ಬಾಗುತ್ತವೆ. ಖಾಲಿ ಜಾಗವೇ ಇಲ್ಲದ ತುಂಬು ಚಿತ್ರವಾದರೆ ಅಂಚಿನಿಂದ ಕೇಂದ್ರದ ಕಡೆಗೆ ನಾಲ್ಕು ಸೀಳು ಹಾಕಿ, ಆದಷ್ಟೂ ಚಿತ್ರದ ಕಪ್ಪು ಗೆರೆಗಳ ಮೇಲೆಯೇ. ಮೇಲಿನ ಲೆಕ್ಕದಲ್ಲಿ ಒಂದೊಂದು ಸೀಳು ನುಂಗಬೇಕಾದದ್ದು ಅರ್ಧ ಮಿ.ಮೀ.ಗಿಂತ ಕಡಿಮೆ.

ಇನ್ನು ಬೆಳ್ಳನೆಯ ಮಂಜು. ಇದನ್ನು ಸಿಲ್ವರಿಂಗ್ ಅನ್ನುತ್ತಾರೆ. ಸಿಟಡೆಲ್ ಕಂಪನಿಯ ನೀಲಿ ಮಕ್ರಾಗ್ ಬ್ಲೂ ತರಹದ ಮ್ಯಾಟ್ (ಹೊಳಪಿಲ್ಲದ) ಬಣ್ಣ ಒಣಗಿದ ಮೇಲೆ ಕಣ್ಣಿಗೆ ನಯ, ಆದರೆ ಸೂಕ್ಷ್ಮವಾಗಿ ಉಪ್ಪುಕಾಗದದ ಹಾಗೆ ಒರಟು. ಆ ತಗ್ಗುಗಳಲ್ಲಿ ಫಿಲ್ಮಿನಡಿ ಸಿಕ್ಕಿಬಿದ್ದ ಗಾಳಿ ಬೆಳಕನ್ನು ಚದುರಿಸುತ್ತದೆ. ಔಷಧ ಒಂದೇ: ಡೆಕಾಲ್‌ಗೆ ಮೊದಲು ಹೊಳಪಿನ ವಾರ್ನಿಷ್. ಸಿಟಡೆಲ್‌ನ ಆರ್ಡ್‌ಕೋಟ್ ಆಗಬಹುದು, ವ್ಯಾಲೆಹೋದ ಗ್ಲಾಸ್ ವಾರ್ನಿಷ್ ಆಗಬಹುದು. ಎರಡು ತೆಳು ಪದರ ಹಾಕಿ ಒಂದು ರಾತ್ರಿ ಬಿಡಿ, ಮಳೆಗಾಲವಾದರೆ ಪೂರ್ತಿ ಒಂದು ದಿನ. ದಪ್ಪಗೆ ಒಂದೇ ಪದರ ಬಳಿದರೆ ವಾರ್ನಿಷ್ ಕವಚದ ಅಂಚಿನ ಪಟ್ಟಿಯ ಬುಡದಲ್ಲಿ ಕೊಳದಂತೆ ನಿಲ್ಲುತ್ತದೆ.

ಈಗ ನೀರು. ಬೋರ್‌ವೆಲ್ ನೀರು ಬೇಡ, ಒಣಗಿದಾಗ ಬಿಳಿ ಸುಣ್ಣದ ಕಲೆ ಉಳಿಯುತ್ತದೆ, ನೀಲಿಯ ಮೇಲೆ ಅದು ಎದ್ದು ಕಾಣುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅಥವಾ ಆರ್‌ಒ ನೀರು ಸಾಕು. ಉಗುರುಬೆಚ್ಚಗಿನ ನೀರಿನಲ್ಲಿ 10ರಿಂದ 15 ಸೆಕೆಂಡು ಅದ್ದಿ, ತೆಗೆದು ಒದ್ದೆ ಟಿಶ್ಯೂ ಮೇಲೆ ಒಂದು ನಿಮಿಷ ಇಡಿ. ಡೆಕಾಲ್ ತಾನಾಗಿ ತೇಲಿಬರುವ ತನಕ ನೀರಿನಲ್ಲೇ ಬಿಟ್ಟರೆ ಹಿಂಬದಿಯ ಅಂಟು ತೊಳೆದುಹೋಗುತ್ತದೆ.

ಮೈಕ್ರೋಸ್ಕೇಲ್‌ ಕಂಪನಿ ಡೆಕಾಲ್ ಕೂರಿಸಲೆಂದೇ ಮಾಡುವ ಎರಡು ದ್ರವಗಳ ಬಾಟಲಿಗಳನ್ನು ಅದಲುಬದಲು ಮಾಡಬೇಡಿ. ನೀಲಿ ಲೇಬಲಿನ ಮೈಕ್ರೋ ಸೆಟ್ ಡೆಕಾಲ್‌ನ ಅಡಿಗೆ, ಫಿಲ್ಮನ್ನು ಮೆತ್ತಗಾಗಿಸುವ ಕೆಂಪು ಲೇಬಲಿನ ಮೈಕ್ರೋ ಸಾಲ್ ಡೆಕಾಲ್‌ನ ಮೇಲೆ. ಸೆಟ್‌ನಲ್ಲಿ ಅಸಿಟಿಕ್ ಆಮ್ಲವಿದೆ, ವಾಸನೆಯೇ ಹೇಳುತ್ತದೆ. ಅದು ಸಿಗದಿದ್ದರೆ ಒಂದು ಪಾಲು ಬಿಳಿ ವಿನಿಗರ್‌ಗೆ ಮೂರು ಪಾಲು ನೀರು ಬೆರೆಸಿ ಕೆಲಸ ನಡೆಸಬಹುದು. ಸಾಲ್‌ಗೆ ಮಾತ್ರ ಅಡುಗೆಮನೆಯಲ್ಲಿ ಬದಲಿ ಇಲ್ಲ. ನೇಲ್ ಪಾಲಿಷ್ ರಿಮೂವರ್ ಹತ್ತಿರಕ್ಕೂ ತರಬೇಡಿ. ಅದರಲ್ಲಿರುವ ಅಸಿಟೋನ್ ಬಣ್ಣವನ್ನಷ್ಟೇ ಅಲ್ಲ, ಬೊಂಬೆಯ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ.

ಕವಚದ ಮೇಲೆ ಸೆಟ್‌ನ ಒಂದು ಹನಿ ಬಳಿದು, ಕಾಗದದಿಂದ ಡೆಕಾಲನ್ನು ಒದ್ದೆ ಬ್ರಷ್ಷಿನಲ್ಲಿ ಜಾರಿಸಿ ಜಾಗಕ್ಕೆ ತನ್ನಿ. ಅಂಚಿನ ಪಟ್ಟಿಯ ಮೇಲೆ ಹತ್ತಬಾರದು, ಹತ್ತಿದರೆ ಮೂಲೆಯಲ್ಲಿ ಸೇತುವೆ ಕಟ್ಟಿದ ಹಾಗೆ ನಿಲ್ಲುತ್ತದೆ. ನಡುವಿನಲ್ಲಿ ಒದ್ದೆ ಕಾಟನ್ ಬಡ್ ಇಟ್ಟು ಹೊರಕ್ಕೆ ಉರುಳಿಸಿ, ಉಜ್ಜಬೇಡಿ. ಅಡಿಯ ನೀರು ಹೊರಬರುತ್ತದೆ, ಟಿಶ್ಯೂ ತುದಿಯಲ್ಲಿ ಹೀರಿಸಿ.

ಐದು ಹತ್ತು ನಿಮಿಷ ಕಳೆದು ಡೆಕಾಲ್ ಜಾರುವುದು ನಿಂತ ಮೇಲೆ ಸಾಲ್ ಹಚ್ಚಿ. ಬಹಳ ಜನ ಎಡವುವುದು ಇಲ್ಲೇ. ಒಂದೆರಡು ನಿಮಿಷದಲ್ಲಿ ಡೆಕಾಲ್ ಇದ್ದಕ್ಕಿದ್ದಂತೆ ಕಾಯಿಸಿದ ಹಾಲಿನ ಕೆನೆಯ ಹಾಗೆ ಮುದುಡಿ ಸುಕ್ಕಾಗುತ್ತದೆ. ಹಾಳಾಯಿತು ಅಂದುಕೊಂಡು ಬೆರಳು ಮುಂದೆ ಹೋಗುತ್ತದೆ. ದಯವಿಟ್ಟು ಮುಟ್ಟಬೇಡಿ. ಆ ಹೊತ್ತಿನಲ್ಲಿ ಫಿಲ್ಮ್ ನಿಜಕ್ಕೂ ಕೆನೆಯಷ್ಟೇ ಮೆತ್ತಗಿರುತ್ತದೆ, ಬ್ರಷ್ ತಾಗಿದರೂ ಹರಿದು ಬರುತ್ತದೆ. ಬಿಟ್ಟರೆ ಒಣಗುತ್ತಾ ತಾನೇ ಬಿಗಿದು ಮೈಗೆ ಕೂರುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿ, ನೆರಿಗೆ ಉಳಿದಿದ್ದರೆ ಅದರ ಮೇಲಷ್ಟೇ ಮತ್ತೊಮ್ಮೆ ಸಾಲ್. ಮೂರು ನಾಲ್ಕು ಸುತ್ತು ಬೇಕಾಗುವುದು ಸಾಮಾನ್ಯ.

ಇಷ್ಟಾದರೂ ಬಗ್ಗದ ನೆರಿಗೆ ಪೂರ್ತಿ ಒಣಗಿದ ಮೇಲೆ, ಅದರ ಏಣಿನುದ್ದಕ್ಕೂ ಹೊಸ ಬ್ಲೇಡಿನಿಂದ ಸೀಳಿ ಸಾಲ್ ಬಿಡಿ. ಎರಡು ತುಟಿಗಳೂ ಒಂದರ ಮೇಲೊಂದು ಮಲಗುತ್ತವೆ. ಗುಳ್ಳೆಗೆ ಸೂಜಿಮೊನೆಯಿಂದ ಎರಡು ಮೂರು ಚುಚ್ಚು, ಮೇಲೆ ಒಂದು ಹನಿ ಸಾಲ್. ಫಿಲ್ಮ್ ದಪ್ಪವಾಗಿದ್ದು ಸಾಲ್‌ಗೂ ಜಗ್ಗದಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಡ್ಡನ್ನು ಹತ್ತು ಸೆಕೆಂಡು ಮೆಲ್ಲಗೆ ಒತ್ತಿ ಹಿಡಿಯಬಹುದು, ಆದರೆ ಸಾಲ್ ಪೂರ್ತಿ ಆರಿದ ಮೇಲೆ ಮಾತ್ರ. ಸಾಲ್ ತರಹದ್ದೇ ಬೇರೆ ದ್ರವಗಳಾದ ಮಿಸ್ಟರ್ ಮಾರ್ಕ್ ಸಾಫ್ಟರ್, ತಮಿಯಾ ಮಾರ್ಕ್ ಫಿಟ್ ಸ್ಟ್ರಾಂಗ್ ಇನ್ನೂ ಖಾರ. ಅವು ಕೆಳಗಿನ ಅಕ್ರಿಲಿಕ್ ಬಣ್ಣವನ್ನೂ ಕೆಡಿಸಬಹುದಾದ್ದರಿಂದ, ಅದೇ ಬಣ್ಣ ಬಳಿದ ಬೇಡದ ಚೂರಿನ ಮೇಲೆ ಮೊದಲು ಪರೀಕ್ಷಿಸಿ.

24 ಗಂಟೆ ಕಳೆದ ಮೇಲೆ ಒದ್ದೆ ಬಡ್‌ನಿಂದ ಸುತ್ತಲಿನ ಅಂಟಿನ ಕಲೆ ಒರೆಸಿ. ಉಳಿದುಹೋದರೆ ಕಾಲ ಕಳೆದಂತೆ ಕಂದಾಗುತ್ತದೆ. ಸೀಳು ಬಾಯಿ ಬಿಟ್ಟಿದ್ದರೆ ಬಿಳಿ ಅಥವಾ ನೀಲಿ ಬಣ್ಣದಲ್ಲಿ ಸಣ್ಣ ಬ್ರಷ್ಷಿನಿಂದ ತಿದ್ದಿ. ನಂತರ ಅಂಚು ಕಾಣದಂತಾಗುವವರೆಗೆ ಹೊಳಪಿನ ವಾರ್ನಿಷ್‌ನ ಒಂದೆರಡು ಪದರ, ಅದು ಒಣಗಿದ ಮೇಲೆ ಮ್ಯಾಟ್ ವಾರ್ನಿಷ್. ಬಲಭುಜದ ಬಾಣದ ಗುರುತಿಗೂ ಇದೇ ವಿಧಾನ, ಅಲ್ಲಿ ಬಾಣದ ಸುತ್ತಲಿನ ಖಾಲಿ ಫಿಲ್ಮ್ ತೆಗೆದರೆ ಅರ್ಧ ಕೆಲಸ ಮುಗಿದ ಹಾಗೆ.